ಡಬ್ಬಿಯ ಮೇಲೆ ‘ಗಿಫ್ಟ್’ ಅಂತ ಬರೆದಿದ್ದೆ

ಅಕ್ಕ ಹೆತ್ತದ್ದು ಜರ್ಮನಿಯಲ್ಲಿ. ಅಮ್ಮ ಇದ್ದದ್ದು ತೀರ್ಥಹಳ್ಳಿಯಲ್ಲಿ, ಮಂಡಿನೋವು ಹಿಡಿದುಕೊಂಡು. ಮಗಳ ಮೊದಲ ಬಾಣಂತನಕ್ಕೆ ಹೋಗಲಾಗಲಿಲ್ಲ ಅನ್ನುವ ಸಂಕಟವನ್ನೆಲ್ಲ ಅಮ್ಮ ಒರಳಿಗೆ ಹಾಕಿ ಕುಟ್ಟಿದಳು. ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಓಂಕಾಳು, ಜೀರಿಗೆ. ಒಂದೊಂದನ್ನೂ ಬೇರೆ ಬೇರೆ ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ, ಕವರಿನಲ್ಲಿ ಕಟ್ಟಿ, ಸ್ಟೀಲ್ ಡಬ್ಬಿಗೆ ತುಂಬಿದಳು. ನಮ್ಮ ಕಡೆ ಇದಕ್ಕೆ ಬಾಣಂತಿ ಮದ್ದು ಅಂತಲೇ ಹೆಸರು. ಅಲ್ಲಿ ಬೆಲ್ಲ, ತುಪ್ಪ ಸೇರಿಸಿ ಉಂಡೆ ಕಟ್ಟಿಕೊಂಡರೆ ಆಯಿತು.

ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತುವ ಕೆಲಸ ನನ್ನದು. ಸುತ್ತಿ ಆದ ಮೇಲೆ ದಪ್ಪ ಮಾರ್ಕರ್ ತಗೊಂಡು ಇಂಗ್ಲಿಷ್ ಅಕ್ಷರದಲ್ಲಿ ‘ಗಿಫ್ಟ್’ ಅಂತ ಬರೆದೆ. ಮೂರು ಬದಿಗೂ ಬರೆದೆ. ಇದು ಮಾರಾಟದ ಮಾಲಲ್ಲ, ಮನೆಯವರು ಸುಮ್ನೆ ಕಳಿಸಿದ್ದು ಅಂತ ಕಸ್ಟಮ್ಸ್‌ನವರಿಗೆ ಗೊತ್ತಾಗಲಿ ಅಂತ.

ಪೆಟ್ಟಿಗೆ ತಲುಪಿದ ದಿನ ಅಕ್ಕ ಆಸ್ಪತ್ರೆಗೆ ಹೋಗಿದ್ದಳಂತೆ. ಅಲ್ಲಿಯ ಪದ್ಧತಿಯಂತೆ ಕೊರಿಯರ್‌ನವನು ಕೆಳಗಿನ ಮನೆಯ ಅಜ್ಜಿಯ ಕೈಗೆ ಕೊಟ್ಟು ಹೋಗಿದ್ದಾನೆ. ಸಂಜೆ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು, ಬೆಲ್ ಒತ್ತಿ, ಎರಡು ಹೆಜ್ಜೆ ಹಿಂದೆ ನಿಂತರಂತೆ. “ಇದರೊಳಗೆ ವಿಷ ಇದೆ ಅಂತ ಬರೆದಿದೆ. ನೀವೇ ತರಿಸಿದ್ದಾ?”

ಅಕ್ಕ ಅವರ ಅನುಮಾನ ಹೋಗಲಿ ಅಂತ ಅಲ್ಲೇ ಬಿಚ್ಚಿ ತೋರಿಸಿದಳಂತೆ. ಒಳಗೆ ಅರ್ಧ ಕೇಜಿ ಕಂದು ಬಣ್ಣದ ಪುಡಿ. ಅನುಮಾನ ಹೋಗುವುದಿರಲಿ, ಜಾಸ್ತಿಯೇ ಆಯಿತು.

ರಾತ್ರಿ ಫೋನ್ ಬಂತು. “ಲೋ, ಡಬ್ಬಿ ಮೇಲೆ ಏನು ಬರ್ದಿದೀಯಾ ಗೊತ್ತೇನೋ? ನಗೋ ಹಾಗೂ ಇಲ್ಲ ನಾನು, ಹೊಲಿಗೆ ಎಳೀತದೆ.”

ಜರ್ಮನ್ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷ. ಇಂಗ್ಲಿಷಿನ ಅದೇ ನಾಲ್ಕು ಅಕ್ಷರ, ಅದೇ ಉಚ್ಚಾರ. ಇಲಿ ಪಾಷಾಣದ ಡಬ್ಬಿಯ ಮೇಲೂ, ಮಗು ಏನಾದರೂ ನುಂಗಿದರೆ ಕರೆಯಬೇಕಾದ ತುರ್ತು ಸಂಖ್ಯೆಯ ಜೊತೆಗೂ ಇರುವ ಪದ ಅದು. ಔಷಧಿ ಅಂಗಡಿಯಲ್ಲಿ ಅಪಾಯದ ಔಷಧಗಳನ್ನು ಬೀಗ ಹಾಕಿ ಇಡುವ ಕಪಾಟಿಗೆ ‘ಗಿಫ್ಟ್‌ಶ್ರಾಂಕ್’ ಅನ್ನುತ್ತಾರೆ. ಓದುಗರ ಕೈಗೆ ಸಿಗಬಾರದು ಅನ್ನಿಸಿದ ಪುಸ್ತಕಗಳನ್ನು ಲೈಬ್ರರಿಯಲ್ಲಿ ಮುಚ್ಚಿಡುವ ಜಾಗಕ್ಕೂ ಅದೇ ಹೆಸರು.

ಇಂಥದ್ದನ್ನು ಕೇಳಿದ ತಕ್ಷಣ ಕಾಕತಾಳೀಯ ಅಂದುಬಿಡುತ್ತೇವೆ. ಎರಡು ಬೇರೆ ಪದ, ಸದ್ದು ಮಾತ್ರ ಒಂದೇ ಆಗಿದೆ, ಅಷ್ಟೇ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ನಮ್ಮಲ್ಲಿ ಉಪನ್ಯಾಸ ಅಂದರೆ ಭಾಷಣ, ಹಿಂದಿಯವರಿಗೆ ಕಾದಂಬರಿ. ನಮ್ಮ ಅವಕಾಶ ಅವರಿಗೆ ರಜೆ. ಅಲ್ಲೆಲ್ಲ ಪದ ಒಂದೇ, ದಾರಿ ಎರಡಾಗಿದೆ. ಗಿಫ್ಟ್ ಕೂಡ ಹಾಗೇ. ಜರ್ಮನ್, ಇಂಗ್ಲಿಷ್, ಡಚ್, ಸ್ವೀಡಿಷ್, ಡೇನಿಷ್ ಎಲ್ಲ ಒಂದೇ ಬುಡದ ಭಾಷೆಗಳು. ಆ ಬುಡದಲ್ಲಿ ‘ಕೊಡು’ ಅನ್ನುವ ಕ್ರಿಯೆಗೆ ಒಂದು ನಾಮಪದ ಇತ್ತು. ಕೊಡುವುದು, ಕೊಟ್ಟದ್ದು. ಅಷ್ಟೇ ಅದರ ಅರ್ಥ. ಏನು ಕೊಟ್ಟದ್ದು ಅಂತ ಪದ ಹೇಳುತ್ತಿರಲಿಲ್ಲ. ಮುಂದಿನ ಕತೆಯೆಲ್ಲ ಆ ಹೇಳದೆ ಬಿಟ್ಟ ಜಾಗದಲ್ಲಿ ನಡೆದದ್ದು.

ಇಂಗ್ಲಿಷಿನವರದ್ದೇ ಮೊದಲು ನೋಡೋಣ. ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಹುಟ್ಟುಹಬ್ಬದ ಉಡುಗೊರೆ ಅನ್ನುವ ಅರ್ಥ ಇರಲಿಲ್ಲ. ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ತೆರ, ನಮ್ಮ ಹಳೆಯ ಕಾಲದ ಕನ್ಯಾಶುಲ್ಕದಂಥದ್ದು, ಅದು ಗಿಫ್ಟ್. ಬಹುವಚನದಲ್ಲಿ ಹೇಳಿದರೆ ಮದುವೆ. ಉಚ್ಚಾರವೂ ಗಕಾರವಲ್ಲ, ‘ಯಿಫ್ಟ್’ ಅಂತ. ಗಕಾರ ತಂದವರು ವೈಕಿಂಗರು, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯಿಂದ ಹಡಗಿನಲ್ಲಿ ದಂಡೆತ್ತಿ ಬಂದವರು. 866ರಲ್ಲಿ ಯಾರ್ಕ್ ಪಟ್ಟಣ ಹಿಡಿದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬೇರು ಬಿಟ್ಟ ಈ ಜನ ಊರಿನವರ ಜೊತೆ ಬೆರೆತು ಅವರ ನಾಲಿಗೆಯನ್ನೇ ತಿದ್ದಿದರು. ಇಂಗ್ಲಿಷಿನ ಮೊಟ್ಟೆ, ಕಿಟಕಿ, ‘ಅವರು’ ಅನ್ನುವ ಸರ್ವನಾಮ ಎಲ್ಲ ಅವರ ಬಳುವಳಿ. ಆದರೂ ‘ಯಿಫ್ಟ್’ ಬೇಗ ಸಾಯಲಿಲ್ಲ. 14ನೇ ಶತಮಾನದ ಲಂಡನ್‌ನಲ್ಲಿ ಕವಿ ಚಾಸರ್ ಇನ್ನೂ ಯಕಾರದಲ್ಲೇ ಬರೆಯುತ್ತಿದ್ದ.

ತಮಾಷೆ ಏನು ಗೊತ್ತಾ? ವೈಕಿಂಗರ ಮೊಮ್ಮಕ್ಕಳಾದ ಸ್ವೀಡನ್ನಿನವರು ಈಗ ಇದನ್ನು ‘ಯಿಫ್ಟ್’ ಅನ್ನುತ್ತಾರೆ. ಇ, ಎ ಸ್ವರಗಳ ಮುಂದೆ ಅವರ ಗಕಾರ ಮೆತ್ತಗಾಗಿ ಯಕಾರವಾಯಿತು. ಅಂದರೆ ಕೊಟ್ಟವರು ತಮ್ಮ ಗಕಾರ ಕಳೆದುಕೊಂಡರು, ಇಸಿದುಕೊಂಡವರು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಈಗ ವಿಷಕ್ಕೆ ಬರೋಣ. ಹಳೆಯ ಜರ್ಮನ್‌ನಲ್ಲೂ ಗಿಫ್ಟ್ ಅಂದರೆ ಕೊಡುಗೆಯೇ ಆಗಿತ್ತು. ಅದು ಕೆಟ್ಟದ್ದು ವೈದ್ಯರ ಸಹವಾಸದಿಂದ. ಗ್ರೀಕ್ ವೈದ್ಯರು ರೋಗಿಗೆ ಒಂದು ಸಲಕ್ಕೆ ಕೊಡುವ ಔಷಧಕ್ಕೆ ‘ಡೋಸಿಸ್’ ಅನ್ನುತ್ತಿದ್ದರು. ಡೋಸಿಸ್ ಅಂದರೆ ಕೊಡುವುದು. ಪದ ಲ್ಯಾಟಿನ್ನಿಗೆ ಬಂತು. ಲ್ಯಾಟಿನ್ ಓದಿದ ಜರ್ಮನ್ನರು ಅದನ್ನು ಪದಕ್ಕೆ ಪದ ಇಟ್ಟು ತಮ್ಮ ಭಾಷೆಗೆ ತಂದರು: ಗಿಫ್ಟ್. ಕೊಟ್ಟದ್ದು ಔಷಧ ಆಗಬಹುದು, ಇನ್ನೊಂದೂ ಆಗಬಹುದು. ಆ ಇನ್ನೊಂದರ ಹೆಸರು ಬಾಯಲ್ಲಿ ಹೇಳಲು ಜನಕ್ಕೆ ಯಾವತ್ತೂ ಹಿಂಜರಿಕೆ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿತು ಅನ್ನುವುದಿಲ್ಲ, ‘ಹುಳ ಮುಟ್ಟಿತು’ ಅನ್ನುತ್ತಾರೆ. ಸಿಡುಬು ಬಂದರೆ ‘ಅಮ್ಮ’. ದೀಪ ಆರಿಸು ಅನ್ನಬಾರದು, ‘ದೊಡ್ಡದು ಮಾಡು’. ಪಾಷಾಣ ಅಂತೀವಲ್ಲ, ಅದರ ಮೂಲ ಅರ್ಥ ಬರೀ ಕಲ್ಲು! ಹಾಗೇ ಜರ್ಮನ್ನರು ‘ಅವನಿಗೆ ಕೊಟ್ಟರಂತೆ’ ಅಂತ ಪಿಸುಗುಟ್ಟಿ ಪಿಸುಗುಟ್ಟಿ, ಕೊನೆಗೆ ‘ಕೊಟ್ಟದ್ದು’ ಅನ್ನುವ ಪದವೇ ವಿಷವಾಗಿ ಹೋಯಿತು. ಆಮೇಲೆ ಮರ್ಯಾದಸ್ಥ ಅರ್ಥಕ್ಕೆ ಆ ಪದ ಬಳಸಲು ಯಾರಿಗೂ ಧೈರ್ಯ ಬರಲಿಲ್ಲ.

ಒಂದೇ ಒಂದು ಕಡೆ ಹಳೆಯ ಅರ್ಥ ಉಳಿಯಿತು. ‘ಮಿಟ್‌ಗಿಫ್ಟ್’, ಜೊತೆಗೆ ಕೊಟ್ಟದ್ದು. ಅಂದರೆ ವರದಕ್ಷಿಣೆ! ವ್ಯಾಕರಣದಲ್ಲೂ ಗುರುತು ಉಳಿದಿದೆ. ಹಳೆಯ ‘ಕೊಡುಗೆ’ ಸ್ತ್ರೀಲಿಂಗ, ಈಗಿನ ವಿಷ ನಪುಂಸಕಲಿಂಗ. ಮಿಟ್‌ಗಿಫ್ಟ್ ಮಾತ್ರ ಇವತ್ತಿಗೂ ಸ್ತ್ರೀಲಿಂಗ. ಇದನ್ನು ಅಕ್ಕನಿಗೆ ಹೇಳಿದಾಗ, “ವರದಕ್ಷಿಣೆ ವಿಷ ಅಂತ ನಮ್ಮಲ್ಲಿ ಗೋಡೆ ಮೇಲೆಲ್ಲ ಬರೀಬೇಕಾಯ್ತು, ಇವರ ಭಾಷೆಯೇ ಹೇಳ್ತದೆ ನೋಡು” ಅಂದಳು. ಪದಶಾಸ್ತ್ರದ ಪ್ರಕಾರ ಅದು ಸರಿಯಲ್ಲ. ಆದರೆ ನಾನು ತಿದ್ದಲು ಹೋಗಲಿಲ್ಲ.

ಗಿಫ್ಟ್ ಬಂದು ಕೂತಾಗ ಆ ಜಾಗದಲ್ಲಿ ಮೊದಲೇ ಇದ್ದ ಪದ ಏನಾಯಿತು? ಹಳೆಯ ಜರ್ಮನ್‌ನಲ್ಲಿ ವಿಷಕ್ಕೆ ‘ಐಟರ್’ ಅನ್ನುತ್ತಿದ್ದರು. ಈಗ ಐಟರ್ ಅಂದರೆ ಕೀವು. ಪಾಪ, ಹಾವಿನ ಹಲ್ಲಿನಲ್ಲಿದ್ದದ್ದು ಕುರುವಿಗೆ ಬಂದು ಬಿತ್ತು. ಆದರೆ ದೂರದ ಐಸ್‌ಲ್ಯಾಂಡಿನಲ್ಲಿ ಅದೇ ಪದ ಇವತ್ತಿಗೂ ವಿಷವೇ. ಡೇನಿಷ್‌ನಲ್ಲಿ ಜೇಡಕ್ಕೆ ‘ಎಡ್ಡರ್‌ಕೊಪ್’ ಅನ್ನುತ್ತಾರೆ, ಅದರ ಮೊದಲ ಭಾಗ ಇದೇ ಹಳೆಯ ವಿಷ. ಐಸ್‌ಲ್ಯಾಂಡಿನವರು ಗಿಫ್ಟ್ ಪದಕ್ಕೆ ವಿಷ ತಾಗಲು ಬಿಡಲೇ ಇಲ್ಲ. ಅವರಲ್ಲಿ ‘ಗಿಫ್ತ’ ಅಂದರೆ ಅದೃಷ್ಟ. ಮೇಲಿನವನು ಕೊಟ್ಟದ್ದು ಅಂತ ಇರಬೇಕು.

ಡಚ್ಚರು ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟವರು. ಅವರ ತೆರಿಗೆ ಫಾರ್ಮಿನಲ್ಲಿ ‘ಗಿಫ್ಟ್’ ಅಂದರೆ ದೇಣಿಗೆ, ಅದಕ್ಕೆ ವಿನಾಯಿತಿ ಸಿಗುತ್ತದೆ. ‘ಗಿಫ್ಟಿಗ್’ ಅಂದರೆ ವಿಷಕಾರಿ. ಮುಟ್ಟಬಾರದು.

ಪ್ಯಾರಾಸೆಲ್ಸಸ್ ಅನ್ನುವ ವೈದ್ಯನ ಹೆಸರು ಕೇಳಿರುತ್ತೀರಿ. 1493ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಐನ್ಸೀಡೆಲ್ನ್‌ನಲ್ಲಿ ಹುಟ್ಟಿದವನು. ಜಗಳಗಂಟ. ಪಂಡಿತರೆಲ್ಲ ಲ್ಯಾಟಿನ್ನಿನಲ್ಲಿ ಪಾಠ ಹೇಳುತ್ತಿದ್ದಾಗ ಬಾಸೆಲ್‌ನಲ್ಲಿ ಜನರ ಭಾಷೆಯಲ್ಲಿ ಪಾಠ ಮಾಡಿ ಎಲ್ಲರ ಕಣ್ಣು ಕೆಂಪಾಗಿಸಿದವನು. ಇವನು ಜನರಿಗೆ ಕೊಡುವುದು ಔಷಧವಲ್ಲ, ವಿಷ ಅಂತ ವಿರೋಧಿಗಳು ದೂರಿದರು. ಅದಕ್ಕೆ ಅವನು 1538ರಲ್ಲಿ ಬರೆದ ಉತ್ತರ ಇವತ್ತಿಗೂ ವಿಷಶಾಸ್ತ್ರದ ಮೊದಲ ಪಾಠ. ಎಲ್ಲವೂ ಗಿಫ್ಟ್, ಗಿಫ್ಟ್ ಇಲ್ಲದ್ದು ಯಾವುದೂ ಇಲ್ಲ. ಒಂದು ವಸ್ತು ಗಿಫ್ಟ್ ಆಗದಂತೆ ನೋಡಿಕೊಳ್ಳುವುದು ಡೋಸಿಸ್ ಮಾತ್ರ.

ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ‘ಅತಿಯಾದರೆ ಅಮೃತವೂ ವಿಷ’ ಅಂತ ನಮ್ಮಲ್ಲೂ ಇದೆಯಲ್ಲ, ಅದೇ ಅಂದುಕೊಂಡು ಮುಂದೆ ಹೋಗಿದ್ದೆ. ಡಬ್ಬಿಯ ಪ್ರಕರಣ ಆದ ಮೇಲೆ ಮತ್ತೆ ಓದಿದಾಗ ಮೈ ಜುಂ ಅಂತು. ಗಿಫ್ಟ್, ಡೋಸಿಸ್. ಅಸಲು ಮತ್ತು ಅದರ ಅನುವಾದ ಎರಡೂ ಒಂದೇ ಸಾಲಿನಲ್ಲಿ ಎದುರುಬದುರು ನಿಂತಿವೆ. ಗ್ರೀಕ್ ವೈದ್ಯರ ‘ಕೊಡುವುದು’ ಪ್ರಮಾಣವಾಗಿ ಉಳಿಯಿತು, ಜರ್ಮನ್ನರ ‘ಕೊಡುವುದು’ ವಿಷವಾಗಿ ಬೆಳೆಯಿತು. ಪ್ಯಾರಾಸೆಲ್ಸಸ್ ತಾಯಿಯ ಕೈಯಲ್ಲೇ ಮಗಳ ಕಿವಿ ಹಿಂಡಿಸುತ್ತಿದ್ದಾನೆ. ಅವನಿಗೆ ಇದು ಗೊತ್ತಿತ್ತೋ ಇಲ್ಲವೋ, ಪದಗಳಿಗಂತೂ ಗೊತ್ತಿತ್ತು.

ಡೋಸಿಸ್ ನಮಗೂ ದೂರದ ನೆಂಟನೇ. ಇಂಗ್ಲಿಷಿನ ಡೋಸ್ ಅದರಿಂದಲೇ ಬಂದದ್ದು. ಲಸಿಕೆಯ ಕಾಲದಲ್ಲಿ ‘ಎರಡನೇ ಡೋಸ್ ಆಯ್ತಾ?’ ಅಂತ ಊರಿಡೀ ಕೇಳುತ್ತಿದ್ದೆವಲ್ಲ, ಅದೇ. (ದೋಸೆಗೂ ಇದಕ್ಕೂ ಸಂಬಂಧವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.) ಗ್ರೀಕಿನ ‘ಡೋ’ ಮತ್ತು ಸಂಸ್ಕೃತದ ‘ದಾ’ ಒಂದೇ ಮೂಲದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬಳಗ ಇರಬೇಕು ಅಂತ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ನಿಂತು ಹೇಳಿದ್ದು 1786ರಲ್ಲಿ. ಹಾಗಾಗಿ ನಮ್ಮ ಮನೆಯೊಳಗಿರುವ ದಾನ, ದತ್ತಿ, ದತ್ತು ಎಲ್ಲ ಡೋಸ್‌ಗೆ ದಾಯಾದಿಗಳು. ವಿಷಕ್ಕೆ ಪ್ರತಿಯಾಗಿ ಕೊಡುವ ಮದ್ದಿಗೆ ಇಂಗ್ಲಿಷಿನವರು ಹೇಳುವ ‘ಆಂಟಿಡೋಟ್’ ಕೂಡ ಅದೇ ಮನೆಯದು. ಎದುರಾಗಿ ಕೊಟ್ಟದ್ದು ಅಂತ ಅರ್ಥ.

ಸ್ವೀಡನ್ನಿನ ಕತೆ ಬೇರೆ. ಅಲ್ಲಿ ಈ ಪದಕ್ಕೆ ವಿಷ ಅನ್ನುವ ಅರ್ಥವೂ ಇದೆ, ಮದುವೆಯಾದವರು ಅನ್ನುವ ಅರ್ಥವೂ ಇದೆ. ನಾರ್ವೆ, ಡೆನ್ಮಾರ್ಕ್‌ನಲ್ಲೂ ಹಾಗೇ. ‘ನಿಮಗೆ ಮದುವೆ ಆಗಿದೆಯಾ?’, ‘ಅದು ವಿಷವಾ?’ ಎರಡಕ್ಕೂ ಒಂದೇ ಪದ ಸಾಕು. ಇದರ ಮೇಲೆ ಎಷ್ಟು ಜೋಕುಗಳಿವೆ ಅಂತ ನೀವೇ ಊಹಿಸಿ. ವಾಟ್ಸಾಪ್ ಗುಂಪಿನ ಗಂಡಸರು ಕಳಿಸುವ ಹೆಂಡತಿ ಜೋಕುಗಳ ಜಾತಿಯವು. ಮೊದಲ ಸಲ ನಾನೂ ನಕ್ಕೆ. ಆಮೇಲೆ ಆ ಪದ ಮದುವೆಗೆ ಹೇಗೆ ಬಂತು ಅಂತ ನೋಡಿದಾಗ ನಗು ನಿಂತಿತು. ಮದುವೆಯಾದವಳು ‘ಗಿಫ್ಟ್’, ಯಾಕೆಂದರೆ ಅವಳನ್ನು ಕೊಟ್ಟಿದ್ದಾರೆ.

ಕೊಡುವವನಿಗೆ ಸ್ವೀಡನ್ನಿನ ಹಳೆಯ ಕಾನೂನಿನಲ್ಲಿ ಒಂದು ಹೆಸರೇ ಇತ್ತು: ‘ಯಿಫ್ಟುಮಾನ್’. ತಂದೆ, ಅವನಿಲ್ಲದಿದ್ದರೆ ಮನೆಯ ಇನ್ನೊಬ್ಬ ಗಂಡಸು. ಅವನ ಒಪ್ಪಿಗೆ ಇಲ್ಲದೆ ಹುಡುಗಿ ಮದುವೆಯಾಗುವ ಹಾಗಿರಲಿಲ್ಲ. 1734ರ ದೊಡ್ಡ ಕಾನೂನು ಸಂಹಿತೆ ಶುರುವಾಗುವುದೇ ಮದುವೆಯ ಅಧ್ಯಾಯದಿಂದ, ಅದರ ಹೆಸರಿನಲ್ಲೂ ಇದೇ ‘ಕೊಡುವ’ ಪದ. 1884ರಲ್ಲಿ ಮದುವೆಯಾಗದ ಹೆಣ್ಣಿಗೆ 21 ತುಂಬಿದರೆ ಸಾಕು, ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಹುದು ಅಂತಾಯಿತು. ಗಂಡನ ಪಾಲಕತ್ವ ಹೋಗಲು 1920ರ ಕಾನೂನು ಬರಬೇಕಾಯಿತು. 1987ರ ಹೊಸ ವಿವಾಹ ಸಂಹಿತೆಯಲ್ಲಿ ಹೆಸರಿನಿಂದಲೂ ಆ ಪದ ತೆಗೆದು ಬೇರೆ ಹಾಕಿದರು. ಬಾಯಿಮಾತಿನಿಂದ ಮಾತ್ರ ತೆಗೆಯಲಾಗಲಿಲ್ಲ. ಇವತ್ತು ಗಂಡಸೂ ‘ಗಿಫ್ಟ್’, ಹೆಂಗಸೂ ‘ಗಿಫ್ಟ್’. 2009ರಿಂದ ಇಬ್ಬರು ಗಂಡಸರು ಮದುವೆಯಾದರೂ ‘ಗಿಫ್ಟ್’. ಯಾರನ್ನು ಯಾರು ಯಾರಿಗೆ ಕೊಟ್ಟರು ಅಂತ ಈಗ ಯಾರೂ ಕೇಳುವುದಿಲ್ಲ.

ಕನ್ನಡದವರು ಇದಕ್ಕೆ ಬೆರಗಾಗುವ ಹಾಗಿಲ್ಲ. ‘ಮಗಳನ್ನ ಎಲ್ಲಿಗೆ ಕೊಟ್ಟಿದ್ದು?’ ‘ಸಾಗರಕ್ಕೆ ಕೊಟ್ಟಿದೀವಿ.’ ‘ಸೊಸೆಯನ್ನ ಎಲ್ಲಿಂದ ತಂದ್ರಿ?’ ದಿನಾ ಆಡುವ ಮಾತು. ‘ಕೊಟ್ಟು ತರುವ ಸಂಬಂಧ’ ಅಂತ ಹೆಮ್ಮೆಯಿಂದ ಹೇಳುತ್ತೇವೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅಂತ ಗಾದೆ ಬೇರೆ. ನಮ್ಮ ಅಕ್ಕ ಓದಿದ್ದು ತಾನೇ, ಜರ್ಮನಿಗೆ ಹೋದದ್ದು ತಾನೇ, ಗಂಡನನ್ನು ಹುಡುಕಿಕೊಂಡದ್ದೂ ತಾನೇ. ಆದರೂ ಊರಿನ ದೊಡ್ಡಮ್ಮ ಸಿಕ್ಕಾಗ ಕೇಳುವುದು, “ನಿಮ್ಮಕ್ಕನ್ನ ಜರ್ಮನಿಗೆ ಕೊಟ್ಟಿದ್ದಂತಲ್ಲ?” ಹೌದು ದೊಡ್ಡಮ್ಮ, ಕೊಟ್ಟಿದ್ದು.

ಮದ್ದಿನ ವಿಷಯದಲ್ಲೂ ನಾವೇನು ಕಡಿಮೆ ಇಲ್ಲ. ರೋಮಿನ ಕಾನೂನು ಪಂಡಿತ ಗಾಯಸ್ 2ನೇ ಶತಮಾನದಲ್ಲಿ ಒಂದು ಎಚ್ಚರಿಕೆ ಬರೆದಿಟ್ಟಿದ್ದಾನೆ. ‘ವೆನೆನುಂ’ ಅಂತ ಹೇಳುವವರು ಒಳ್ಳೆಯದೋ ಕೆಟ್ಟದ್ದೋ ಅಂತಲೂ ಸೇರಿಸಿ ಹೇಳಬೇಕು, ಯಾಕೆಂದರೆ ಔಷಧವೂ ವೆನೆನುಂ. ಇಂಗ್ಲಿಷಿನಲ್ಲಿ ಹಾವಿನ ವಿಷಕ್ಕೆ ಹೇಳುವ ಪದ ಇದರಿಂದ ಬಂದದ್ದು. ಮೊದಲು ಅದು ಒಲಿಸಿಕೊಳ್ಳಲು ಕುಡಿಸುವ ಮದ್ದಾಗಿತ್ತು, ಪ್ರೇಮದೇವತೆ ವೀನಸ್‌ಳ ಹೆಸರಿಗೂ ಅದಕ್ಕೂ ನಂಟಿದೆ ಅಂತ ಪದಶಾಸ್ತ್ರದವರ ಊಹೆ. ಗಾಯಸ್ ತೀರ್ಥಹಳ್ಳಿಗೆ ಬಂದಿದ್ದರೆ ‘ಮದ್ದು’ ಕೇಳಿ ತಲೆದೂಗುತ್ತಿದ್ದ. ಬಾಣಂತಿಗೆ ಕೊಟ್ಟರೂ ಮದ್ದು, ಕೋವಿಗೆ ತುಂಬಿದರೂ ಮದ್ದು. ‘ಅವನಿಗೆ ಯಾರೋ ಮದ್ದು ಹಾಕಿದಾರೆ’ ಅಂದರೆ ಮೂರನೆಯದು, ಅನ್ನದಲ್ಲಿ ಸೇರಿಸಿ ಕೊಡುವ ಕೈಮಸಕು. ಚಿಕ್ಕವನಿದ್ದಾಗ ಒಂದು ಮನೆಗೆ ಮಾತ್ರ ಹೋಗುವ ಮುಂಚೆ ಅಜ್ಜಿ ಹತ್ತಿರ ಕರೆದು, “ಅಲ್ಲಿ ಏನು ಕೊಟ್ರೂ ಬಾಯಿಗೆ ಹಾಕ್ಬೇಡ” ಅನ್ನುತ್ತಿದ್ದಳು. ವಿಷ ಅನ್ನುವ ಮಾತು ಎಲ್ಲೂ ಬರುತ್ತಿರಲಿಲ್ಲ. ‘ಏನು ಕೊಟ್ರೂ’ ಅಷ್ಟೇ. ಜರ್ಮನ್ನರ ಗಿಫ್ಟ್ ಹುಟ್ಟಿದ್ದೂ ಇಂಥದ್ದೇ ಯಾವುದೋ ಅಜ್ಜಿಯ ಬಾಯಲ್ಲಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ (ಹೆಸರು ಕೇಳಿ ನಗಬೇಡಿ) 1924ರಲ್ಲಿ ಈ ಒಂದು ಪದದ ಮೇಲೆಯೇ ಒಂದು ಪುಟ್ಟ ಲೇಖನ ಬರೆದ. ಡೋಸಿಸ್‌ನ ಕತೆ ಅವನಿಗೆ ಸಾಲಲಿಲ್ಲ. ಹಳೆಯ ಜರ್ಮಾನಿಕ್ ಜನರಲ್ಲಿ ಕೊಡುಗೆ ಅಂದರೆ ಮುಖ್ಯವಾಗಿ ಒಟ್ಟಿಗೆ ಕೂತು ಕುಡಿಸುವ ಪಾನ, ಆ ಪಾನ ಒಳ್ಳೆಯದೋ ವಿಷವೋ ಅನ್ನುವ ಅನುಮಾನ ಇದ್ದೇ ಇರುತ್ತಿತ್ತು ಅನ್ನುವುದು ಅವನ ವಾದ. ಕೊಡುಗೆ ತಗೊಳ್ಳುವುದರಲ್ಲೇ ಅಪಾಯ ಇದೆ ಅನ್ನುವುದಕ್ಕೆ ಅವನು ಮುಂದೆ ನಮ್ಮ ದಾನಧರ್ಮದ ಗ್ರಂಥಗಳನ್ನೂ ಎಳೆದು ತಂದ. ನಮ್ಮೂರಿನಲ್ಲಿ ಎಳ್ಳುದಾನ ತಗೊಳ್ಳಲು ಭಟ್ಟರು ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪದ ಹುಟ್ಟಿದ ಬಗೆಗೆ ನನಗೆ ವೈದ್ಯರ ಕತೆಯೇ ಜಾಸ್ತಿ ನಂಬಿಕೆ. ಆದರೂ ಮೋಸ್ ಹೇಳಿದ ಪಾನದ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೆ ಕಾರಣ ಇನ್ನೊಂದು ಪದ.

ಹಾಗಾದರೆ ಜರ್ಮನ್ನರು ಉಡುಗೊರೆಗೆ ಏನನ್ನುತ್ತಾರೆ? ‘ಗೆಶೆಂಕ್’. ಅದು ‘ಶೆಂಕೆನ್’ ಅನ್ನುವ ಕ್ರಿಯಾಪದದಿಂದ ಬಂದದ್ದು. ಅದರ ಹಳೆಯ ಅರ್ಥ ಕುಡಿಯಲು ಬಟ್ಟಲಿಗೆ ಸುರಿಯುವುದು, ಎರೆಯುವುದು. ಬಂದವರಿಗೆ ಎರೆದು ಕೊಟ್ಟು ಕೊಟ್ಟು ‘ಎರೆ’ ಅನ್ನುವುದೇ ‘ಕೊಡು’ ಆಯಿತು. ಇತ್ತ ಇಂಗ್ಲಿಷಿನವರು ವಿಷಕ್ಕೆ ಏನನ್ನುತ್ತಾರೆ? ‘ಪಾಯ್ಸನ್’. ಅದು ಲ್ಯಾಟಿನ್ನಿನ ‘ಪೋತಿಯೋ’ ಫ್ರೆಂಚ್ ಬಾಯಿಗೆ ಬಿದ್ದು ಬಂದದ್ದು, ಅರ್ಥ ಬರೀ ಪಾನೀಯ. ಒಬ್ಬರಿಗೆ ಕೊಟ್ಟದ್ದು ವಿಷವಾಯಿತು, ಎರೆದದ್ದು ಉಡುಗೊರೆಯಾಯಿತು. ಪಕ್ಕದ ಮನೆಯವರಿಗೆ ಕೊಟ್ಟದ್ದು ಉಡುಗೊರೆ, ಕುಡಿಸಿದ್ದು ವಿಷ. ಒಂದೇ ಮೂಲದ ಎರಡು ಭಾಷೆಗಳು ಬಟ್ಟಲು ಅದಲುಬದಲು ಮಾಡಿಕೊಂಡ ಹಾಗಿದೆ.

ಈ ಪದಗಳ ಲೆಕ್ಕವೆಲ್ಲ ಗ್ರಿಮ್ ಸಹೋದರರ ದೊಡ್ಡ ಜರ್ಮನ್ ನಿಘಂಟಿನಲ್ಲಿದೆ. 1838ರಲ್ಲಿ ಅವರು ಕೈ ಹಾಕಿದ ಕೆಲಸ. ಯಾಕೋಬ್ ಗ್ರಿಮ್ 1863ರಲ್ಲಿ ತೀರಿಕೊಂಡಾಗ ‘ಫ್ರುಕ್ಟ್’, ಅಂದರೆ ಹಣ್ಣು, ಅನ್ನುವ ಪದಕ್ಕೆ ಬಂದಿದ್ದ. ಸ್ನೋ ವೈಟ್‌ಳ ವಿಷದ ಸೇಬಿನ ಕತೆಯನ್ನು ಜಗತ್ತಿಗೆ ದಾಟಿಸಿದವನು ಹಣ್ಣಿಗೆ ನಿಂತ. ವಿಷದವರೆಗೆ ಬರಲೇ ಇಲ್ಲ.

ಮೂರು ತಿಂಗಳಾದ ಮೇಲೆ ಅಕ್ಕನಿಗೆ ಎರಡನೇ ಡಬ್ಬಿ ಹೊರಟಿತು. ಕೆಳಗಿನ ಮನೆಯ ಅಜ್ಜಿಗೆ ಶುಂಠಿ ಉಂಡೆ ಹಿಡಿಸಿಬಿಟ್ಟಿದೆಯಂತೆ, ಈ ಸಲ ಅವರಿಗೂ ಸೇರಿಸಿ ಅಮ್ಮ ಮಾಡಿದ್ದಳು. ನಾನು ಮಾರ್ಕರ್ ಹಿಡಿದು ಕೂತೆ.

“ಈ ಸಲ ಎಂತ ಬರೀತೀಯ?” ಅಂದಳು ಅಮ್ಮ.

“ಗೆಶೆಂಕ್ ಅಂತ.”

“ಹಂಗಂದ್ರೆ?”

“ಕೊಡೋದು ಅಂತಲೇ. ಆದ್ರೆ ಮೊದಲು ಅದಕ್ಕೆ ಎರೆಯೋದು ಅನ್ನೋ ಅರ್ಥ ಇತ್ತಂತೆ.”

ಅಮ್ಮ ಡಬ್ಬಿಯ ಮುಚ್ಚಳ ಇನ್ನೊಮ್ಮೆ ಒತ್ತಿ ನೋಡಿದಳು. “ಧಾರೆ ಎರೆದ ಹಂಗೆ ಅನ್ನು” ಅಂದಳು. “ಸರಿ, ಬರಿ. ಹೋದ ಸಲದ ಹಂಗೆ ಮೂರು ಕಡೆ ಬೇಡ, ಒಂದೇ ಕಡೆ ಬರಿ.”